ಗುಂಜಿಯ ಬಿಳಿ ಹಂದಿಗಳು

ಆಟೋ ನಗರ, ಬೆಳಗಾವಿ
9 ಜುಲೈ 2000

ಅಪ್ಪಾ,

ಆರೂ ಬಿಳಿ ಹೆಣ್ಣುಹಂದಿಗಳು ಗುಂಜಿ ತಲುಪಿದವು ಎಂದು ಅಮರ ಬಂದು ಹೇಳಿದ. ನಮ್ಮ ಫೀಡ್ ಕಾರ್ಖಾನೆಯ ಟೆಂಪೋ ಓಡಿಸುವವನು ಅವನೇ. ನೀವು ಅವನಿಗೆ ಚಹಾ ಕುಡಿಸಿದಿರಂತೆ, ಮಾತು ಮಾತ್ರ ಒಂದೂ ಆಡಲಿಲ್ಲವಂತೆ. "ನಿಮ್ಮಪ್ಪ ಹಂದಿ ಕಡೆ ನೋಡ್ಲೇ ಇಲ್ಲಕ್ಕಾ, ಇಳಸೂಮಟ ಟೆಂಪೋದ ಗಾಲಿ ನೋಡಕೋತ ನಿಂತಿದ್ರು" ಎಂದು ನಗುತ್ತಿದ್ದ. ನನಗೆ ನಗು ಬರಲಿಲ್ಲ.

ನಿಮ್ಮ ಸಿಟ್ಟು ನನಗೆ ಗೊತ್ತು. ನನ್ನ ಮಾತಿಗೆ ಕುರಿ ಮಾರಿದಿರಿ. ಅಜ್ಜ, ಮುತ್ತಜ್ಜ ಕುರಿ ಕೂಡಿದ ಹಟ್ಟಿಗೆ ಹಂದಿ ಬಂದು ನಿಂತಿತು. ಆದರೆ ಅರಣ್ಯದವರು ಗುಡ್ಡಕ್ಕೆಲ್ಲ ತಂತಿ ಬಿಗಿದ ಮೇಲೆ ಕುರಿ ಮೇಯಲು ನಮ್ಮ ಅಂಗಳವೊಂದೇ ಉಳಿದಿತ್ತು. ಹಂದಿಗೆ ಗುಡ್ಡ ಬೇಕಿಲ್ಲ. ಮರಿ ಹುಟ್ಟುವ ಮೊದಲೇ ಗೋವಾದವರು ಬಂದು ಕೇಳುತ್ತಾರೆ. ಇದನ್ನೆಲ್ಲ ನೂರು ಸಲ ಹೇಳಿ ನನ್ನ ಬಾಯಿಯೂ ನೋಯಿತು, ನಿಮ್ಮ ಕಿವಿಯೂ ನೋಯಿತು.

ಕುರಿಗಳು ಲಾರಿ ಹತ್ತಿದ ದಿನ ನಾಲ್ಕು ಮಂದಿಯ ಎದುರು ನೀವು ಅಂದದ್ದನ್ನು ಮರೆತಿಲ್ಲ. "ನಿನ್ನ ಹಂದಿ ಈಯಲಿ, ಮರಿ ಮೊಲಿ ಹಿಡೀಲಿ, ಅವತ್ತ ಈ ಮನಿ ಹೊಸ್ತಲಾ ತುಳಿ. ಅಲ್ಲಿಮಟ ನಿನ್ನ ಮಾರಿ ತೋರಸಬ್ಯಾಡ." ಆಗಲಿ. ನನಗೂ ಹಟ ಪಕ್ಕದ ಮನೆಯಿಂದ ಬಂದಿಲ್ಲ. ಮರಿ ಹಾಲು ಕುಡಿಯುವ ದಿನವೇ ಬರುತ್ತೇನೆ. ಮುಖ ತೋರಿಸಬೇಡ ಎಂದಿರಿ, ಕಾಗದ ಬರೆಯಬೇಡ ಎನ್ನಲಿಲ್ಲ.

ಒಂದೇ ವಿಷಯ ತಲೆಯಲ್ಲಿರಲಿ. ಮೊದಲ ಸಲ ಮರಿ ಹಾಕಬೇಕಾದ ಹಂದಿಯ ಮೈ ಹದದಲ್ಲಿರಬೇಕು. ಸೊರಗಿದರೂ ಗಬ್ಬ ನಿಲ್ಲುವುದಿಲ್ಲ, ಕೊಬ್ಬಿದರೂ ನಿಲ್ಲುವುದಿಲ್ಲ. ನಾನು ಅಲ್ಲಿಲ್ಲ, ನೀವೇ ನನ್ನ ಕಣ್ಣು. ನನ್ನ ವಿಳಾಸ ಬರೆದ ಕಾರ್ಡುಗಳನ್ನು ಅಮರನ ಕೈಯಲ್ಲಿ ಕೊಟ್ಟಿದ್ದೆ. ತಿಂಗಳಿಗೊಮ್ಮೆ ಅವುಗಳ ಮೈ ಹೇಗಿದೆ ಎಂದು ಎರಡು ಸಾಲು ಬರೆಯಿರಿ. ಅದನ್ನು ನೋಡಿ ಇಲ್ಲಿಂದ ಫೀಡ್ ಕಳಿಸುತ್ತೇನೆ.

ಮಾಯವ್ವತ್ತೆಗೆ ನಾನು ಕೇಳಿದೆ ಎಂದು ಹೇಳಿ.

ನಿಮ್ಮ ಮಗಳು,
ಪ್ರಮಿಳಾ


ಗುಂಜಿ
3 ಆಗಸ್ಟ್ 2000

ಪ್ರಮಿಳಾಗೆ,

ಮಳೆ ಹಿಡಿದಿದೆ. ಹಂದಿಗಳಿಗೆ ನೀನು ಹೇಳಿದಂತೆ ಎರಡು ಹೊತ್ತು ಹಾಕುತ್ತಿದ್ದೇವೆ. ಸೊರಗಿವೆ. ನೋಡಲು ಊರ ಮಂದಿ ಬಂದು ಹೋಗುತ್ತಾರೆ. ಬೀಗರು, ನೆಂಟರು ಮಾತ್ರ ಹಂದಿ ಕಟ್ಟಿದ ಮನೆ ಎಂದು ಬರುವುದಿಲ್ಲ. ಹೆಚ್ಚು ಬರೆಯಲಾರೆ, ಪೋಸ್ಟಿನವನು ಓದದ ಕಾರ್ಡು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಓದಿದ್ದನ್ನು ಚಹಾದಂಗಡಿಯಲ್ಲಿ ಹೇಳದೆಯೂ ಬಿಡುವುದಿಲ್ಲ. ಮಾಯವ್ವ ಆರಾಮ ಇದ್ದಾಳೆ.

ಸಿದರಾಯ


ಬೆಳಗಾವಿ
16 ಆಗಸ್ಟ್ 2000

ಅಪ್ಪಾ,

ಕಾರ್ಡು ಬಂದಿತು. ನೀವು ಬರೆದಿರಿ ಎಂಬ ಖುಷಿ ಒಂದು ಕಡೆ, ಸೊರಗಿವೆ ಎಂಬ ಚಿಂತೆ ಒಂದು ಕಡೆ. ಜಾಗ ಬದಲಾದದ್ದಕ್ಕೆ ಹೀಗಾಗಿರಬೇಕು, ಗಾಬರಿಯಾಗಬೇಡಿ. ಅಮರನ ಟೆಂಪೋದಲ್ಲಿ ಗೋವಿನಜೋಳದ ನುಚ್ಚು, ಶೇಂಗಾ ಹಿಂಡಿ ಹೆಚ್ಚಿಗೆ ಹಾಕಿದ್ದೇನೆ. ಗುಂಜಿ ಕ್ರಾಸಿನಲ್ಲಿ ಇಳಿಸುತ್ತಾನೆ. ಉಳಿಸಿ ಇಡಬೇಡಿ, ಎಲ್ಲ ಹಾಕಿಬಿಡಿ.

ಇಲ್ಲಿ ನನ್ನ ಕೆಲಸ ಫೀಡಿನ ಚೀಲ ತೂಗಿ ಚೀಟಿ ಹಚ್ಚುವುದು. ನಮ್ಮ ಮಾಲಕರಿಗೆ ನಮ್ಮ ಹಂದಿಯ ವಿಷಯ ಹೇಳಿದ್ದೇನೆ. "ಕುರುಬರ ಮನಿಯೊಳಗ ಹಂದಿ? ಭಾಳ ಧೈರ್ಯ ಬಿಡವಾ ನಿಮ್ಮಪ್ಪಂದು" ಎಂದರು. ಧೈರ್ಯ ನಿಮ್ಮದು ಎಂದು ನನಗೂ ಅನ್ನಿಸಿತು, ಅದನ್ನು ನಿಮಗೆ ಹೇಳಿರಲಿಲ್ಲ.

ಪ್ರಮಿಳಾ


ಗುಂಜಿ
20 ಸೆಪ್ಟೆಂಬರ್ 2000

ಪ್ರಮಿಳಾಗೆ,

ಚೀಲಗಳು ಮುಟ್ಟಿದವು. ಹಾಕಿದ್ದೆಲ್ಲ ತಿನ್ನುತ್ತವೆ, ಮೈಗೆ ಹತ್ತುವುದಿಲ್ಲ. ಎಲ್ಲ ಎಲುಬು ಕಾಣುತ್ತವೆ. ಒಂದಕ್ಕೆ ಮಾಯವ್ವ ಬಡಕಲಿ ಎಂದು ಹೆಸರಿಟ್ಟಿದ್ದಾಳೆ. ಕರೆದರೆ ಬರುತ್ತದೆ. ಹಂದಿ ಇಷ್ಟು ಶಾಣೆ ಪ್ರಾಣಿ ಎಂದು ನನಗೆ ಗೊತ್ತಿರಲಿಲ್ಲ.

ಸಿದರಾಯ


ಬೆಳಗಾವಿ
8 ಅಕ್ಟೋಬರ್ 2000

ಅಪ್ಪಾ,

ನಿಮ್ಮ ಕಾರ್ಡನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹಂದಿ ಶಾಣೆ ಪ್ರಾಣಿ ಎಂದು ನೀವು ಬರೆದದ್ದನ್ನು ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನೀವು ಟೆಂಪೋದ ಗಾಲಿ ಬಿಟ್ಟು ಹಂದಿಯನ್ನು ನೋಡಲು ಶುರು ಮಾಡಿದ್ದೀರಿ ಎಂದಾಯಿತು.

ಆದರೆ ಎಲುಬು ಕಾಣುತ್ತವೆ ಎಂದರೆ ನನ್ನ ಲೆಕ್ಕ ಎಲ್ಲೋ ತಪ್ಪುತ್ತಿದೆ. ದಸರೆ ಮುಗಿಯಿತು. ಈ ಹೊತ್ತಿಗೆ ಅವು ತುಂಬಿಕೊಂಡಿರಬೇಕಿತ್ತು. ಇನ್ನಷ್ಟು ಕಳಿಸಿದ್ದೇನೆ, ಬೆಲ್ಲದ ಮಡ್ಡಿಯನ್ನೂ ಸೇರಿಸಿದ್ದೇನೆ. ಇನ್ನು ಗಂಡುಹಂದಿ ತಂದು ಬಿಡಬೇಕಾದ ಕಾಲ. ಖಾನಾಪುರದಲ್ಲಿ ಒಬ್ಬರ ಹತ್ತಿರ ಇದೆ, ಅಮರ ಮಾತಾಡಿದ್ದಾನೆ.

ಆ ಮುಂದಿನ ಸುದ್ದಿಯನ್ನು ನಾನು ಹೇಗೆ ಕೇಳಲಿ, ನೀವು ಹೇಗೆ ಬರೆಯುತ್ತೀರಿ, ನನಗೆ ತಿಳಿಯುತ್ತಿಲ್ಲ. ಮಾಯವ್ವತ್ತೆ ಹೇಳಿದಂತೆ ಬರೆಯಿರಿ. ನಾನು ಅತ್ತೆಯ ಮಾತೆಂದೇ ಓದುತ್ತೇನೆ.

ಪ್ರಮಿಳಾ


ಗುಂಜಿ
26 ನವೆಂಬರ್ 2000

ಪ್ರಮಿಳಾಗೆ,

ಮಾಯವ್ವ ಬಾಗಿಲಲ್ಲಿ ಕುಳಿತು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಕೈ ನನ್ನದು, ಬಾಯಿ ಅವಳದು.

"ನಿನ್ನ ಗಂಡಹಂದಿ ಬಂದು ಹದಿನೈದ ದಿನ ಆತ. ತಿಂತೈತಿ, ಮಲಗತೈತಿ. ನಮ್ಮವು ಅದರ ಕಡೆ ಹೊಳ್ಳಿ ನೋಡವಲ್ಲವು. ಬೆದೀನ ಇಲ್ಲ ಅವಕ್ಕ. ಉಂಡು ಗ್ವಾಡಿಗಿ ಬೆನ್ನ ಹಚ್ಚಿ ಕುಂದರತಾವು, ಮುದುಕ್ಯಾರ ಕುಂತಂಗ. ಎಲ್ಲಾ ಸೊರಗಿ ಕಡ್ಡಿ ಆಗ್ಯಾವ, ಅಷ್ಟ ಬರಿ."

ಬರೆದಿದ್ದೇನೆ. ಇದರ ಮೇಲೆ ನನಗೆ ಕೇಳಬೇಡ.

ಗಂಡುಹಂದಿ ಬಂದ ಮೇಲೆ ಊರಲ್ಲಿ ನಗೆ ಹೆಚ್ಚಾಗಿದೆ. ಸಿದರಾಯ ಕುಲದೇವರು ಬೀರಪ್ಪನನ್ನು ಬಿಟ್ಟ, ಹಂದಿಯನ್ನು ಹಿಡಿದ ಎನ್ನುತ್ತಾರೆ. ಅನ್ನಲಿ. ದೀಪಾವಳಿ ಹಬ್ಬಕ್ಕೆ ನೀನು ಯಾಕೆ ಬರಲಿಲ್ಲ ಎಂದು ಮಾಯವ್ವ ಕೇಳುತ್ತಿದ್ದಳು.

ಸಿದರಾಯ


ಬೆಳಗಾವಿ
5 ಡಿಸೆಂಬರ್ 2000

ಅಪ್ಪಾ,

ಬೆದೆಗೆ ಬರದಿದ್ದುದಕ್ಕೆ ಮೈ ಸೊರಗಿದ್ದೇ ಕಾರಣ. ಮೈಯಲ್ಲಿ ತ್ರಾಣವಿಲ್ಲದ ಎಳೆಯ ಹಂದಿಗೆ ಮರಿಯ ನೆನಪಾದರೂ ಹೇಗೆ ಬರಬೇಕು? ತಪ್ಪು ನನ್ನದೇ. ದೊಡ್ಡ ಹಂದಿಗಳಿಗೆ ಹಾಕುವ ಲೆಕ್ಕವನ್ನು ಮೊದಲೇ ಹಾಕಬೇಕಿತ್ತು. ಈ ಸಲ ಅಮರ ಎರಡು ಸುತ್ತು ಬರುತ್ತಾನೆ. ರಾತ್ರಿ ಉಳಿದದ್ದಿದ್ದರೆ ಬೆಳಿಗ್ಗೆ ಅದನ್ನೂ ಹಾಕಿ.

ಹಬ್ಬಕ್ಕೆ ನಾನು ಬರಲಿಲ್ಲ. ನೀವೂ ಬಾ ಎನ್ನಲಿಲ್ಲ. ಅತ್ತೆಗೆ ಏನಾದರೂ ಹೇಳಿ ಸಮಾಧಾನ ಮಾಡಿ. ಇಲ್ಲಿ ಖಾನಾವಳಿಯಲ್ಲಿ ಹೋಳಿಗೆ ಇತ್ತು, ತಿಂದೆ.

ಪ್ರಮಿಳಾ


ಗುಂಜಿ
14 ಜನವರಿ 2001

ಪ್ರಮಿಳಾಗೆ,

ಎರಡರ ಸುದ್ದಿ ಚೆನ್ನಾಗಿದೆ. ಬಡಕಲಿ ಒಂದು, ಕಿವಿ ಹರಿದದ್ದು ಒಂದು. ಉಳಿದ ನಾಲ್ಕು ಹಾಗೇ ಇವೆ. ಏಪ್ರಿಲ್‌ನಲ್ಲಿ ಆಗಬಹುದು ಎನ್ನುತ್ತಾಳೆ ಮಾಯವ್ವ. ಮೈ ಮಾತ್ರ ಸೊರಗೇ ಇದೆ. ನೀನು ಮಲಗುವ ಕೋಣೆಯ ಗೋಡೆಗೆ ಅವಳು ಸುಣ್ಣ ಬಳಿದಿದ್ದಾಳೆ. ನಾನು ಹೇಳಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಸಿದರಾಯ


ಬೆಳಗಾವಿ
22 ಜನವರಿ 2001

ಅಪ್ಪಾ,

ನಾನು ಅತ್ತೆನೋ ನಕ್ಕೆನೋ ನನಗೇ ಗೊತ್ತಿಲ್ಲ. ಏಪ್ರಿಲ್‌ಗೆ ರಜೆ ಬರೆದುಕೊಟ್ಟೆ. ಮಾಲಕರು ಯಾರ ಮದುವೆ ಎಂದು ಕೇಳಿದರು. ನಮ್ಮ ಬಡಕಲಿಯ ಬಾಣಂತನ ಎಂದೆ. ಇಡೀ ಗೋದಾಮು ನಕ್ಕಿತು.

ಬಸಿರಿಯ ಮೈ ಸೊರಗಿದರೆ ಹಾಲು ಇಳಿಯುವುದಿಲ್ಲ. ಆ ಎರಡಕ್ಕೆ ಬೇರೆ ಚೀಲ ಕಳಿಸಿದ್ದೇನೆ, ಕೆಂಪು ದಾರದಿಂದ ಹೊಲಿದದ್ದು. ಬೇಕೆಂದಷ್ಟು ಹಾಕಿ. ಮೊದಲ ಬಸಿರು, ಬಯಕೆ ಉಳಿಯಬಾರದು ಎಂದು ಅತ್ತೆಗೆ ಹೇಳಿ. ಅವಳಿಗೆ ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ. ನಿಮಗೆ ಏನು ತರಲಿ ಎಂದು ಕೇಳಿದರೆ ನೀವು ಹೇಳುವವರಲ್ಲ. ಆದರೂ ಕೇಳುತ್ತಿದ್ದೇನೆ.

ಪ್ರಮಿಳಾ


ಗುಂಜಿ
9 ಏಪ್ರಿಲ್ 2001

ಪ್ರಮಿಳಾಗೆ,

ಇದನ್ನು ಕಾರ್ಡಿನಲ್ಲಿ ಬರೆಯಲಾಗಲಿಲ್ಲ. ಇನ್‌ಲ್ಯಾಂಡ್ ತಂದು ಎರಡು ದಿನ ಇಟ್ಟುಕೊಂಡಿದ್ದೆ.

ಕಿವಿ ಹರಿದದ್ದಕ್ಕೆ ಮಂಗಳವಾರ ಬೆಳಿಗ್ಗೆ ನೋವು ಬಂದಿತು. ಮಧ್ಯಾಹ್ನವಾದರೂ ಮರಿ ಹೊರಗೆ ಬರಲಿಲ್ಲ. ಕುರಿಗೆ ಹೀಗಾದರೆ ನಾನೇ ಕೈ ಹಾಕಿ ತೆಗೆದವನು. ಇದಕ್ಕೆ ಕೈ ಹೋಗಲಿಲ್ಲ, ದಾರಿಯೆಲ್ಲ ಕೊಬ್ಬು ತುಂಬಿಕೊಂಡಿತ್ತು. ಖಾನಾಪುರದಿಂದ ದನದ ಡಾಕ್ಟರು ಬರುವಷ್ಟರಲ್ಲಿ ತಾಯಿಯೂ ಹೋಗಿತ್ತು.

ಬಡಕಲಿ ಬುಧವಾರ ಐದು ಹಾಕಿತು. ಡಾಕ್ಟರು ಇನ್ನೂ ಇಲ್ಲೇ ಇದ್ದರು. ಎರಡು ಮರಿ ಅದರ ಮೈಯ ಕೆಳಗೆ ಸಿಕ್ಕಿ ಹೋದವು. ಅದಕ್ಕೆ ಎದ್ದು ಹೊರಳುವ ಶಕ್ತಿ ಇರಲಿಲ್ಲ, ಮರಿ ಕೂಗಿದ್ದು ಕೇಳಿಯೂ ಏಳಲಾಗದೆ ಅಲ್ಲಿಂದಲೇ ಒದರುತ್ತಿತ್ತು. ಉಳಿದ ಮೂರು ಮೊಲೆ ಹುಡುಕಿ ಹುಡುಕಿ ಚೀಪಿದವು. ಹಾಲಿರಲಿಲ್ಲ. ಮಾಯವ್ವ ಆಕಳ ಹಾಲಿನಲ್ಲಿ ಅರಳೆ ಅದ್ದಿ ಬಾಯಿಗೆ ಹಿಡಿದಳು. ಕೊನೆಯದು ಶುಕ್ರವಾರ ಅವಳ ತೊಡೆಯ ಮೇಲೆ ಹೋಯಿತು.

ಡಾಕ್ಟರು ಬಡಕಲಿಯ ಬೆನ್ನನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದರು. ಉಳಿದ ನಾಲ್ಕನ್ನೂ ಹಾಗೇ ನೋಡಿದರು. "ಎಷ್ಟ ಒತ್ತಿದರೂ ಎಲಬ ಸಿಗವಲ್ಲದು. ಇಷ್ಟ ಕೊಬ್ಬ ಏರಿಸಿದವರು ಯಾರ್ರೀ? ಅದಕ್ಕ ಬೆದಿಗಿ ಬಂದಿಲ್ಲ, ಅದಕ್ಕ ಹಾಲ ಇಳದಿಲ್ಲ" ಎಂದರು.

ನಿನ್ನ ರಜೆ ಹಾಳು ಮಾಡಿಕೊಳ್ಳಬೇಡ.

ಸಿದರಾಯ


ಬೆಳಗಾವಿ
14 ಏಪ್ರಿಲ್ 2001

ಅಪ್ಪಾ,

ನಿಮ್ಮ ಎಲ್ಲ ಕಾರ್ಡುಗಳನ್ನೂ ಹಾಸಿಗೆಯ ಮೇಲೆ ಹರಡಿಕೊಂಡು ಕುಳಿತಿದ್ದೇನೆ. ಸೊರಗಿವೆ. ಮೈಗೆ ಹತ್ತುವುದಿಲ್ಲ. ಎಲುಬು ಕಾಣುತ್ತವೆ. ಸೊರಗಿ ಕಡ್ಡಿ ಆಗ್ಯಾವ. ಇದು ನಿಮ್ಮ ಅಕ್ಷರವೇ ಅಲ್ಲವೇ?

ನಾನು ಒಂದೇ ಒಂದು ಮಾತು ಕೇಳಿದ್ದೆ. ಮೈ ಹೇಗಿದೆ ಎಂದು. ದಪ್ಪಗಿವೆ ಎಂದು ಒಂದು ಸಲ ಬರೆದಿದ್ದರೂ ಆ ತಿಂಗಳೇ ಫೀಡ್ ಕಡಿಮೆ ಮಾಡುತ್ತಿದ್ದೆ. ಈ ಎರಡು ಕೈಯಿಂದ ಚೀಲ ಹೊಲಿದು ಅವುಗಳನ್ನು ಕೊಂದಿದ್ದೇನೆ. ಯಾಕೆ ಹೀಗೆ ಬರೆದಿರಿ? ನಾನು ಸೋಲಲಿ ಎಂದೇ?

ಪ್ರಮಿಳಾ


ಗುಂಜಿ
22 ಏಪ್ರಿಲ್ 2001

ಪ್ರಮಿಳಾಗೆ,

ನೀನು ಸೋಲಲಿ ಎಂದು ಬರೆಯಲಿಲ್ಲ. ನೀನು ಹಾಗೆ ಕೇಳಬಾರದಿತ್ತು. ಕೇಳಿದ್ದೀಯ, ಹೇಳುತ್ತೇನೆ.

ಸಾಕಿದ ಪ್ರಾಣಿ ಮೈದುಂಬಿದೆ ಎಂದು ಯಾವ ಕುರುಬ ತನ್ನ ಬಾಯಿಂದ ಹೇಳುತ್ತಾನೆ? ನನ್ನ ಅಪ್ಪ ಹೇಳಲಿಲ್ಲ, ನಾನು ಹೇಳಲಿಲ್ಲ. ಹಿಂಡು ಎಷ್ಟು ಚೆನ್ನಾಗಿದ್ದರೂ ಕೇಳಿದವರಿಗೆ ಸೊರಗ್ಯಾವ ಎನ್ನುತ್ತೇವೆ. ಕೇಳಿದವನೂ ನಮ್ಮವನಾದರೆ ತಿಳಿದುಕೊಂಡು ಸುಮ್ಮನಾಗುತ್ತಾನೆ. ನೀನು ಕೂಸಿದ್ದಾಗ ತುಂಬಿದ ಕೊಡದಂತಿದ್ದೆ. ಆಗಿನ್ನೂ ಬದುಕಿದ್ದ ನಿನ್ನವ್ವ ಬಂದವರಿಗೆಲ್ಲ "ನಮ್ಮ ಕೂಸ ಏನೂ ಉಣ್ಣವಲ್ಲದು, ಭಾಳ ಸೊರಗೈತಿ" ಎನ್ನುತ್ತಿದ್ದಳು. ಅದರಲ್ಲೂ ಕಾರ್ಡು, ಊರೆಲ್ಲ ಓದುವ ಕಾರ್ಡು. ಅದರ ಮೇಲೆ ಹಂದಿ ದಪ್ಪಗಿವೆ ಎಂದು ಬರೆದರೆ ಎಷ್ಟು ಕಣ್ಣು ಬೀಳುತ್ತಿದ್ದವು?

ನೀನು ನನ್ನ ಮಗಳು, ಸೊರಗಿವೆ ಎಂದರೆ ಚೆನ್ನಾಗಿವೆ ಎಂದು ತಿಳಿಯುತ್ತೀ ಎಂದುಕೊಂಡೆ. ಪ್ರತಿ ಸಲ ನೀನು ಇನ್ನಷ್ಟು ಕಳಿಸಿದಾಗ, ಹಂದಿಗೆ ಇನ್ನೂ ಬೇಕಾಗಿರಬೇಕು, ಓದಿದವಳಿಗೆ ಗೊತ್ತು ಎಂದು ಹಾಕಿದೆ. ಬೆದೆಗೆ ಬರದಿದ್ದಾಗ ನನಗೂ ಸಂಶಯ ಬಂದಿತ್ತು. ಮೈದುಂಬಿದ ಕುರಿಯೂ ಒಮ್ಮೊಮ್ಮೆ ಹಾಗೆ ಮಾಡುತ್ತದೆ. ಆದರೆ ಆ ವಿಷಯ ಎತ್ತಿ ಮಗಳಿಗೆ ಹೇಗೆ ಬರೆಯುವುದು?

ನಿನ್ನನ್ನು ಆರನೆಯ ವರ್ಷಕ್ಕೇ ಬೆಳಗಾವಿಯ ಹಾಸ್ಟೆಲಿಗೆ ಹಾಕಿದವನು ನಾನೇ. ಮಾಯವ್ವ ಅತ್ತು ಬೇಡ ಎಂದಿದ್ದಳು. ನಮ್ಮ ಮಾತು ನಿನಗೆ ತಿಳಿಯದಂತಾಗುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಸಿದರಾಯ


ಬೆಳಗಾವಿ
1 ಮೇ 2001

ಅಪ್ಪಾ,

ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಸೊರಗಿದ್ದೇನೆ ಎಂದರೆ ಸೊರಗಿದ್ದೇನೆ ಎಂದೇ ಅರ್ಥ. ರಜೆಗೆ ಬಂದಾಗಲೆಲ್ಲ ಅತ್ತೆ ನನ್ನನ್ನು ನೋಡಿ ಭಾಳ ಸೊರಗಿದಿ ಎನ್ನುತ್ತಿದ್ದಳು. ನಾನು ಅವಳ ಮೇಲೆ ಸಿಟ್ಟಾಗುತ್ತಿದ್ದೆ, ಮೂರು ಹೊತ್ತು ಉಣ್ಣುತ್ತಿದ್ದೇನೆ, ಕಣ್ಣು ಕಾಣುವುದಿಲ್ಲವೇ ಎಂದು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ನಿಮ್ಮ ಮೇಲೆ ಅಂಥ ಮಾತು ಬರೆದದ್ದಕ್ಕೆ ನನ್ನ ಕೈ ಸುಡಲಿ.

ಇನ್ನೂ ನಾಲ್ಕು ಇವೆ, ಬಡಕಲಿಯೂ ಇದೆ. ನಾನು ಎಲ್ಲರನ್ನೂ ಕೇಳಿದೆ. ಒಮ್ಮೆಲೇ ಮೇವು ಕಡಿಯಬೇಡಿ. ಹಿಂಡಿ, ಮಡ್ಡಿ ನಿಲ್ಲಿಸಿ, ಬೂಸಾ, ಸೊಪ್ಪು ಹಾಕಿ, ಅಂಗಳದಲ್ಲಿ ಓಡಾಡಲು ಬಿಡಿ. ಅಂಗೈ ಒತ್ತಿದರೆ ಸೊಂಟದ ಎಲುಬು ತಾಗುವ ಹಾಗಾಗಬೇಕು. ಮಳೆಗಾಲ ಮುಗಿಯುವುದರೊಳಗೆ ಹದಕ್ಕೆ ಬರುತ್ತವೆ. ಬೆದೆಯೂ ಬರುತ್ತದೆ. ಈ ಸಲ ಕಾರ್ಡು ಬೇಡ, ಲಕೋಟೆ ಕಳಿಸಿದ್ದೇನೆ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಇನ್ನೊಂದು ವರ್ಷ ಬೇಕಾದರೂ ಕಾಯುತ್ತೇನೆ.

ಪ್ರಮಿಳಾ


ಗುಂಜಿ
12 ಮೇ 2001

ಪ್ರಮಿಳಾಗೆ,

ನಿನ್ನ ಕಾಗದ ಬರುವ ಎರಡು ದಿನ ಮೊದಲೇ ಲೋಂಡಾದ ವ್ಯಾಪಾರಿ ಬಂದು ಐದನ್ನೂ ಒಯ್ದ. ಇಂಥ ಮಾಲು ನೋಡಿಯೇ ಇಲ್ಲ ಎಂದು ಬೆನ್ನು ತಟ್ಟಿ ತಟ್ಟಿ ಖುಷಿಪಟ್ಟ. ಬಡಕಲಿ ಗಾಡಿ ಹತ್ತಲಿಲ್ಲ. ಮಾಯವ್ವ ಹೆಸರು ಹಿಡಿದು ಕರೆದಳು, ಹತ್ತಿತು. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ.

ನನ್ನಿಂದ ಇನ್ನೊಂದು ಸಲ ಆಗುತ್ತಿರಲಿಲ್ಲ. ಎಲುಬು ಮುಟ್ಟಿ ನೋಡು ಎಂದು ನೀನು ಬರೆದಿದ್ದೀಯ. ಆ ಮರಿಗಳನ್ನು ಹೂತ ಮೇಲೆ ನಾನು ಅವುಗಳ ಮೈ ಮುಟ್ಟಿಲ್ಲ.

ಅರಣ್ಯದವರು ನೆಟ್ಟ ಸಸಿ ಕಾಯಲು ಜನ ಬೇಕಾಗಿತ್ತು. ಹೋಗುತ್ತಿದ್ದೇನೆ. ಖಾಕಿ ಅಂಗಿ ಕೊಟ್ಟಿದ್ದಾರೆ. ಯಾರದೇ ಕುರಿ ತಂತಿ ದಾಟಿ ಬಂದರೆ ಹಿಡಿದು ಕೊಡಬೇಕು.

ನಾನು ಆವತ್ತು ಆಡಿದ ಮಾತು ಹಿಂದೆ ತೆಗೆದುಕೊಂಡಿದ್ದೇನೆ. ಬರುವುದಾದರೆ ಬಾ.

ಸಿದರಾಯ


ಬೆಳಗಾವಿ
18 ಜೂನ್ 2001

ಅಪ್ಪಾ,

ನಿನ್ನೆ ನಿಮ್ಮ ಎದುರು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ನೀವು ಇರಲಿಲ್ಲ. ಅತ್ತೆ ನನ್ನನ್ನು ನೋಡಿ ಅತ್ತಳು. ಸೀರೆ ತೆಗೆದುಕೊಂಡು ಮಡಿಕೆ ಬಿಚ್ಚದೆ ಗೂಟಕ್ಕೆ ಹಾಕಿದಳು. ಚಹಾಕ್ಕೆ ಸಕ್ಕರೆ ತರಲು ಅಂಗಡಿಗೆ ಹೊರಟಳು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಬೆಲ್ಲದ ಚಹಾ. ಸಕ್ಕರೆ ತರುವುದು ಹೊರಗಿನವರು ಬಂದಾಗ.

ನಾನು ಕೈಯ ಚೀಲ ಇಳಿಸದೆ ಗುಡ್ಡಕ್ಕೆ ಬಂದೆ. ನೀವು ತಂತಿಯ ಒಳಗಿದ್ದಿರಿ. ನಮ್ಮ ಓಣಿಯ ಯಲ್ಲೇಶ ಕಾಕಾನ ಕುರಿ ಒಳಗೆ ನುಗ್ಗಿದ್ದವು. ಅವನು ಹೊರಗೆ ನಿಂತು ನಿಮಗೆ ಬೈಯುತ್ತಿದ್ದ. "ನೀ ಕುರುಬ ಹೌದೋ ಅಲ್ಲೋ ಸಿದರಾಯ? ಹಂದಿ ಕಟ್ಟಿದಿ, ಈಗ ನಮ್ಮ ಹೊಟ್ಟಿ ಮ್ಯಾಲೆ ಬಡಿಗಿ ತುಗೊಂಡ ನಿಂತಿ." ಅಪ್ಪಾ, ನೀವು ಆ ಕುರಿಗಳನ್ನು ಕೋಲಿನಿಂದ ಹೊಡೆಯಲಿಲ್ಲ. ಬಾಯಿಂದ ಕರೆದಿರಿ. ಕರೆದ ಕೂಡಲೇ ಎಲ್ಲವೂ ನಿಮ್ಮ ಹಿಂದೆ ಬಂದವು. ಅವುಗಳನ್ನು ಹಾಗೇ ನಡೆಸಿಕೊಂಡು ಹೋಗಿ ಅರಣ್ಯದವರ ದೊಡ್ಡಿಯೊಳಗೆ ಕೂಡಿದಿರಿ.

ಆಮೇಲೆ ನನ್ನನ್ನು ನೋಡಿದಿರಿ. ಬೈಯುತ್ತೀರಿ ಎಂದುಕೊಂಡೆ. ಬೈಸಿಕೊಳ್ಳಲೆಂದೇ ಬಂದಿದ್ದೆ. ನೀವು ಬೆವರು ಒರೆಸಿಕೊಂಡು, "ಯಾವಾಗ ಬಂದಿ?" ಎಂದಿರಿ. ದೊಡ್ಡಿಯ ಅಗಳಿ ಹಾಕಿ, "ರೈಲ ಎಷ್ಟಕ್ಕ ಐತಿ?" ಎಂದಿರಿ.

ಸಂಜೆಯದ್ದು ಎಂದೆ.

"ಹಂಗಾದರ ಹೊರಡ ಇನ್ನ, ತಪ್ಪೀತ" ಎಂದಿರಿ.

ನನ್ನ ಕೈಯಲ್ಲಿದ್ದ ಚೀಲವನ್ನು ನೀವು ನೋಡಿದಿರಿ. ಅದರಲ್ಲಿ ಎಂಟು ದಿನಕ್ಕಾಗುವಷ್ಟು ಬಟ್ಟೆ ಇತ್ತು.

ಪ್ರಮಿಳಾ